ತಿರುಗಿ ನೋಡಿದವನು

"ಎಷ್ಟನೇದಮ್ಮ?" ಎಂದು ನರ್ಸ್ ಕೇಳಿದಳು.

"ಮೊದಲ್ನೇದು" ಎಂದರು ನಿರ್ಮಲಮ್ಮ.

"ಎರಡನೇದು" ಎಂದಳು ಸಂಧ್ಯಾರಾಣಿ.

ಎರಡೂ ಉತ್ತರ ಒಟ್ಟಿಗೇ ಬಂದವು. ಹೊನ್ನಾಳಿಯ ಆ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಅತ್ತೆ ಸೊಸೆಯ ಮುಖವನ್ನು ಒಮ್ಮೆ ನೋಡಿದರು. ನರ್ಸ್ ಪೆನ್ನು ಎತ್ತಿ ಹಿಡಿದು, ಬಾಗಿಲ ಬಳಿ ನಿಂತಿದ್ದ ವಿನಯ್ ಕುಮಾರನ ಕಡೆ ತಿರುಗಿದಳು.

"ನೀವೇ ಹೇಳ್ರಿ ಸರ್. ಮನೆಯವ್ರಲ್ವಾ?"

ವಿನಯ್ ಹೆಂಡತಿಯ ತಲೆಯ ಮೇಲಿದ್ದ ಗೋಡೆಯನ್ನು ನೋಡಿದ. ಭ್ರೂಣದ ಲಿಂಗ ತಿಳಿಸುವುದು ಅಪರಾಧ ಎಂಬ ಫಲಕ ಅಲ್ಲಿತ್ತು. ಅದನ್ನು ಕೊನೆಯ ಅಕ್ಷರದವರೆಗೂ ಓದಿದವನಂತೆ ನಿಂತಿದ್ದು, "ಗಾಡಿ ಅಡ್ಡ ನಿಂತೈತೆ, ತೆಗೆದು ಬರ್ತೀನಿ" ಎಂದು ಹೊರಗೆ ಹೋದ.

ಗಾಡಿ ಅಡ್ಡ ನಿಂತಿರಲಿಲ್ಲ. ಕಿಟಕಿಯಿಂದ ಸಂಧ್ಯಾಗೆ ಕಾಣುತ್ತಿತ್ತು. ಟಾಟಾ ಏಸ್ ರಸ್ತೆಯ ಆಚೆ ಬೇವಿನ ಮರದ ಕೆಳಗೆ, ಯಾರ ದಾರಿಗೂ ತೊಂದರೆಯಿಲ್ಲದೆ ನಿಂತಿತ್ತು. ಅವನು ಬಾಗಿಲು ತೆಗೆದು ಒಳಗೆ ಕುಳಿತ. ಗಾಡಿ ಚಾಲೂ ಮಾಡಲಿಲ್ಲ.

ನರ್ಸ್ ಸಂಧ್ಯಾ ಹೇಳಿದ್ದನ್ನೇ ಬರೆದುಕೊಂಡಳು. ಆಸ್ಪತ್ರೆಯ ಲೆಕ್ಕದಲ್ಲಿ ಉಳಿದದ್ದೂ ಬೇಕು, ಹೋದದ್ದೂ ಬೇಕು. ಮನೆಯ ಲೆಕ್ಕ ಬೇರೆ.

*

ಅವರಿಬ್ಬರ ಪರಿಚಯ ಶುರುವಾದದ್ದೇ ಜಗಳದಿಂದ. ಸಂಧ್ಯಾ ಜಗಳೂರಿನವಳು. ನ್ಯಾಮತಿಯ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಬಂದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಲು ಬಂದಿದ್ದವನು ವಿನಯ್. ವೇದಿಕೆಯ ಎದುರಿಗೇ ಒಂದು ಕಂಬ ನೆಟ್ಟಿದ್ದ.

"ಇದನ್ನ ತೆಗೀರಿ. ಮಕ್ಕಳ ಡ್ಯಾನ್ಸ್ ಕಾಣಲ್ಲ."

"ತೆಗೆದ್ರೆ ಶಾಮಿಯಾನ ನಿಮ್ಮ ತಲೆ ಮೇಲೆ ಬರತ್ತೆ ಟೀಚರ್."

"ಬರ್ಲಿ."

"ಪಕ್ಕದಾಗೆ ನಾನೂ ಇರ್ತೀನಿ. ನನ್ನ ತಲೆ ಮೇಲೂ ಬರತ್ತೆ. ಅದ್ಕೇ ಬ್ಯಾಡ ಅಂದೆ."

ಪಕ್ಕದಲ್ಲಿ ನೀವ್ಯಾಕೆ ಇರ್ತೀರಿ ಎಂದು ಕೇಳಬೇಕೆಂದುಕೊಂಡಳು. ಕೇಳಲಿಲ್ಲ. ಕಂಬ ನೆಟ್ಟಗಿದೆಯೇ ಎಂದು ನೋಡುವ ನೆಪದಲ್ಲಿ ಅವನು ಒಂದು ಕಣ್ಣು ಮುಚ್ಚಿ, ಕಂಬದ ಅಂಚಿನಿಂದ ಅವಳನ್ನು ನೋಡುತ್ತಿದ್ದ. ಅವಳು ಎಡಕ್ಕೆ ಸರಿದರೆ ಅವನ ಅಳತೆಯೂ ಎಡಕ್ಕೆ ಸರಿಯುತ್ತಿತ್ತು. ಸಂಜೆಯ ಹೊತ್ತಿಗೆ ಆ ಕಂಬದಷ್ಟು ಪರೀಕ್ಷೆಗೆ ಒಳಗಾದ ಕಂಬ ತಾಲ್ಲೂಕಿನಲ್ಲೇ ಇರಲಿಲ್ಲ.

ಮದುವೆಯಾದ ಮೇಲೂ ಅವನ ನೋಟ ಹಾಗೇ ಇತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಉತ್ತರ ಪತ್ರಿಕೆ ತಿದ್ದುವಾಗ, ಬೆನ್ನ ಮೇಲೆ ಅದು ಬಂದು ಕೂರುವುದು ಅವಳಿಗೆ ಗೊತ್ತಾಗುತ್ತಿತ್ತು. "ಏನು?" ಎಂದರೆ "ಏನಿಲ್ಲ, ನೋಡ್ದೆ" ಎನ್ನುತ್ತಿದ್ದ.

ಈಗ ಅವನು ನೋಡುವುದಿಲ್ಲ. ಎರಡನೆಯ ಸಲ ಬಸಿರು ಎಂದು ಖಚಿತವಾದ ದಿನದಿಂದ ಅವನ ಕಣ್ಣು ಅವಳ ಮುಖದಿಂದ ಕೆಳಗೆ ಇಳಿದಿಲ್ಲ. ಹೊಟ್ಟೆ ಕಾಣುವಂತಾದ ಮೇಲೆ ಮುಖಕ್ಕೂ ಬರುವುದು ಕಡಿಮೆಯಾಯಿತು. ಹೊಸಿಲ ಮೇಲೆ, ಕ್ಯಾಲೆಂಡರಿನ ಮೇಲೆ, ಅವಳ ಹಿಂದಿನ ಫ್ರಿಜ್ಜಿನ ಮೇಲೆ ಕಣ್ಣಿಟ್ಟು ಮಾತಾಡುತ್ತಿದ್ದ. ಮದುವೆ ಸೀಸನ್ನು, ದಿನವೂ ಒಂದೊಂದು ಊರಿನಲ್ಲಿ ಕೆಲಸ. ಅಲ್ಲಿಂದ ಮಧ್ಯಾಹ್ನ ತಪ್ಪದೆ ಫೋನ್ ಮಾಡುತ್ತಿದ್ದ.

"ಊಟ ಆತಾ?"

"ಆತು. ನಿಮ್ದು?"

"ಆತು. ಮಾತ್ರೆ?"

"ತಗೊಂಡೆ."

"ಸರಿ, ಇಡ್ಲಾ?"

ಮಗು ಆಡುತ್ತಿದೆಯಾ ಎಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳದವನಿಗೆ ಹೇಳುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ. ಮೊದಲ ಸಲ ಒಳಗೆ ಮಿಸುಕಾಡಿದ್ದು ಗೊತ್ತಾದಾಗ ಅವಳು ಒಂಬತ್ತನೇ ತರಗತಿಯ ಬೋರ್ಡಿನ ಮುಂದಿದ್ದಳು. ಚಾಕ್‌ಪೀಸ್ ಹಿಡಿದ ಕೈ ನಿಂತಿತು. ಮಕ್ಕಳು ಲೆಕ್ಕ ತಪ್ಪಾಯಿತೇನೋ ಅಂದುಕೊಂಡರು.

*

ಮೊದಲನೆಯದು ಹೋಗಿ ಎರಡು ವರ್ಷ.

ಆಗ ನ್ಯಾಮತಿಯಲ್ಲಿ ಕುಬುಸ ಮಾಡಿದ್ದರು. ಸೀಮಂತವನ್ನು ಆ ಕಡೆ ಹಾಗೆನ್ನುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬಿಸುವುದು. ವಿನಯ್ ತಾನೇ ನಿಂತು ವೇದಿಕೆ ಕಟ್ಟಿದ್ದ. ಮರುದಿನ ಸಂಧ್ಯಾಳ ತಂದೆ ಕಲ್ಲೇಶಪ್ಪ ಮಗಳನ್ನು ಬಸ್ಸಿನಲ್ಲಿ ಜಗಳೂರಿಗೆ ಕರೆದುಕೊಂಡು ಹೋದರು. ಎಂಟನೇ ತಿಂಗಳಲ್ಲಿ ಒಂದು ಬೆಳಗ್ಗೆ ಒಳಗೆ ಆಟ ನಿಂತಿತು.

"ಮಲಗಿರತ್ತೆ ಬಿಡವ್ವಾ" ಎಂದಿದ್ದರು ತಾಯಿ ಅಜ್ಜಮ್ಮ.

ಸಂಜೆ ದಾವಣಗೆರೆಯ ಆಸ್ಪತ್ರೆಗೆ ಹೋದಾಗ ಹೃದಯದ ಬಡಿತ ಇರಲಿಲ್ಲ. ಚನ್ನಗಿರಿಯ ಕಲ್ಯಾಣ ಮಂಟಪವೊಂದರಲ್ಲಿದ್ದ ವಿನಯ್‌ಗೆ, ಮೈಕ್ ಸೆಟ್ ಪರೀಕ್ಷೆಯ ಗದ್ದಲದಲ್ಲಿ ಫೋನ್ ಕೇಳಿಸಿರಲಿಲ್ಲ. ಅವನು ಬಂದಾಗ ಹೆರಿಗೆ ಮುಗಿದಿತ್ತು. ಅವಳಿಗೆ ಇಂಜೆಕ್ಷನ್ನಿನ ನಿದ್ದೆ. ಎಚ್ಚರವಾದಾಗ ಎಲ್ಲವೂ ಮುಗಿದಿತ್ತು. "ಹೆಣ್ಣು" ಎಂದರು ಅಜ್ಜಮ್ಮ. ಅದೊಂದೇ ಮಾತು. ತಾಯಿಗೆ ಮುಖ ತೋರಿಸಬಾರದು, ಆ ವಿಷಯ ಎತ್ತಲೂಬಾರದು ಎಂದು ಹಿರಿಯರು ತೀರ್ಮಾನಿಸಿದ್ದರು. ಅವರೆಲ್ಲ ಒಳ್ಳೆಯ ಮನಸ್ಸಿನವರೇ.

ಮೂರು ದಿನಕ್ಕೆ ಎದೆಯಲ್ಲಿ ಹಾಲು ಬಂತು. ಹಾಲು ಬತ್ತಲಿ ಎಂದು ಅಜ್ಜಮ್ಮ ಬಟ್ಟೆಯೊಳಗೆ ಮಲ್ಲಿಗೆ ಹೂ ಇಟ್ಟು ಎದೆ ಕಟ್ಟಿದರು. ಮೈಯೆಲ್ಲ ಮದುವೆ ಮನೆಯ ವಾಸನೆ. ಆ ವಾಸನೆಯಲ್ಲೇ ಅವಳು ಎಷ್ಟೋ ದಿನ ಗೋಡೆ ಕಡೆ ತಿರುಗಿ ಮಲಗಿದ್ದಳು.

*

"ಬಸ್ಸಿನಾಗೆ ಹೋಗಿದ್ದಕ್ಕೆ ಆತಾ ಡಾಕ್ಟ್ರೇ?"

ಎರಡು ವರ್ಷದಿಂದ ಯಾರನ್ನೂ ಕೇಳದ ಪ್ರಶ್ನೆಯನ್ನು ಹೊನ್ನಾಳಿಯ ನರ್ಸಿಂಗ್ ಹೋಮಿನಲ್ಲಿ ಆ ದಿನ, ಅತ್ತೆ ಔಷಧಿ ತರಲು ಹೊರಗೆ ಹೋದಾಗ, ಸಂಧ್ಯಾ ಡಾಕ್ಟರ್ ವಾಣಿಶ್ರೀಯವರನ್ನು ಕೇಳಿದಳು.

ವಾಣಿಶ್ರೀ ಹಳೆಯ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟರು. "ಬಸ್ಸಿನಿಂದ ಅಲ್ಲ. ನೀವು ಮಾಡಿದ್ದರಿಂದಲೂ ಅಲ್ಲ, ಬಿಟ್ಟಿದ್ದರಿಂದಲೂ ಅಲ್ಲ. ಎಷ್ಟೋ ಸಲ ಕಾರಣ ನಮಗೂ ಸಿಗಲ್ಲ. ಸಿಗದೇ ಇದ್ದಾಗ ತಾಯಂದಿರು ತಮ್ಮನ್ನೇ ಕಾರಣ ಮಾಡ್ಕೊಳ್ತಾರೆ."

ಸಂಧ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಈ ಸಲ ಹೆದರಿಕೆ ಆಗ್ತಿದೆಯಾ?"

"ದಿನಾ."

"ಆಗೇ ಆಗತ್ತೆ. ಒಂದು ಕಳ್ಕೊಂಡವರಿಗೆ ಇದು ಖುಷಿಯ ಕಾಲ ಮಾತ್ರ ಆಗಿರಲ್ಲ. ಅಳು ಬರಬಹುದು, ಮಗು ಮೇಲೆ ಪ್ರೀತಿ ಇಡೋಕೇ ಭಯ ಆಗಬಹುದು. ತಪ್ಪಲ್ಲ. ಮನೇಲಿ ಯಾರ ಹತ್ರ ಹೇಳ್ಕೊಳ್ತೀರಾ?"

ಕಿಟಕಿಯಾಚೆ ಟಾಟಾ ಏಸ್ ನಿಂತಿತ್ತು.

"ಯಾರೂ ಇಲ್ಲ ಅನ್ನೋ ಹಂಗಿಲ್ಲ. ಎಲ್ಲಾರೂ ಇದಾರೆ" ಎಂದಳು ಸಂಧ್ಯಾ.

ವಾಣಿಶ್ರೀ ತಮ್ಮ ಮೊಬೈಲ್ ನಂಬರ್ ಕೊಟ್ಟರು. "ಆಟ ಕಡಿಮೆ ಅನ್ನಿಸಿದ್ರೆ ಕಾಯಬೇಡಿ. ಮಲಗಿರತ್ತೆ ಅಂತ ಯಾರು ಹೇಳಿದ್ರೂ ಕೇಳಬೇಡಿ, ಸೀದಾ ಬನ್ನಿ. ಏನೂ ಇಲ್ಲದೆ ಹತ್ತು ಸಲ ಬಂದ್ರೂ ನಾನು ಬೈಯಲ್ಲ. ಮುಂದಿನ ಸಲ ನಿಮ್ಮ ಯಜಮಾನ್ರನ್ನೂ ಒಳಗೆ ಕರ್ಕೊಂಡು ಬನ್ನಿ."

"ಅವ್ರು ಬರಲ್ಲ ಡಾಕ್ಟ್ರೇ. ಅವ್ರಿಗೆ ಗಾಡಿ ತೆಗೆಯಾಕೆ ಇರತ್ತೆ."

*

ಏಳನೇ ತಿಂಗಳು ಹತ್ತಿರ ಬಂದಂತೆ ನಿರ್ಮಲಮ್ಮ ಕುಬುಸದ ಮಾತೆತ್ತಿದರು. ಕುಬುಸ ಚೊಚ್ಚಲು ಬಸಿರಿಗೆ ಮಾತ್ರ. ಎರಡನೆಯದಕ್ಕೆ ಮಾಡುವ ಪದ್ಧತಿಯಿಲ್ಲ.

"ಅದ್ಕೇ ಇದು ಮೊದಲ್ನೇದು ಅಂತ ಇಟ್ಕೊಳ್ಳಾಣ" ಎಂದರು ನಿರ್ಮಲಮ್ಮ, ರೊಟ್ಟಿ ತಟ್ಟುತ್ತ. "ಹಿಂದಿಂದು ಲೆಕ್ಕಕ್ಕಿಲ್ಲ. ಹೊಸದಾಗಿ ಶುರು ಮಾಡಿದ್ರೆ ಎಲ್ಲಾ ಸರಿ ಹೋಗತ್ತೆ."

"ಲೆಕ್ಕಕ್ಕಿಲ್ಲ ಅಂದ್ರೆ ಹೆಂಗೆ ಅತ್ತೆ? ಎಂಟು ತಿಂಗಳು ಹೊತ್ತೀನಿ."

"ಹೊತ್ತಿದ್ದು ಯಾರು ಇಲ್ಲ ಅಂದ್ರು?"

"ಮೊದಲ್ನೇದು ಅಂತ ಹಸಿರು ಸೀರೆ ಉಟ್ಕೊಂಡು ಕೂತ್ರೆ ಅವ್ಳು ಇರ್ಲೇ ಇಲ್ಲ ಅಂದಂಗೆ ಆಗಲ್ವಾ?"

ನಿರ್ಮಲಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದರು. ಬೆಂದದ್ದನ್ನು ತಿರುವಿ ಹಾಕಿದರು.

"ವಿನಯನ ಮುಂಚೆ ನನಗೂ ಒಂದು ಇತ್ತು" ಎಂದರು ಆಮೇಲೆ. "ಗಂಡು. ನಿನಗೆ ಯಾರೂ ಹೇಳಿರಲ್ಲ. ವಿನಯಗೂ ಗೊತ್ತಿಲ್ಲ. ನಮ್ಮತ್ತೆ ಲೆಕ್ಕಕ್ಕಿಲ್ಲ ಅಂದ್ರು, ನಾನೂ ಹೂಂ ಅಂದೆ. ಲೆಕ್ಕ ಹಿಡ್ಕೊಂಡು ಕೂತ್ರೆ ಬದುಕಾಕೆ ಆಗಲ್ಲ ಕಣವ್ವಾ. ಹಂಚು ಕಾದೈತೆ, ಆಚೆ ಸರಿ."

ಸಂಧ್ಯಾ ಸರಿಯಲಿಲ್ಲ. ಅತ್ತೆಯ ಕೈ ಮೇಲೆ ಜೋಳದ ಹಿಟ್ಟು ಒಣಗಿತ್ತು. ಆ ಕೈ ಹಿಡಿಯಬೇಕೆನಿಸಿತು. ಅಷ್ಟರಲ್ಲಿ ನಿರ್ಮಲಮ್ಮ ಇನ್ನೊಂದು ಉಂಡೆ ತೆಗೆದುಕೊಂಡಿದ್ದರು.

ಆ ಸಂಜೆ ಗಂಡನನ್ನು ನೇರವಾಗಿ ಕೇಳಿದಳು. "ಕುಬುಸ ಮಾಡ್ಬೇಕಾ ಬ್ಯಾಡ್ವಾ? ನೀವೇ ಹೇಳ್ರಿ."

"ಅವ್ವ ಹೆಂಗೆ ಹೇಳ್ತಾಳೋ ಹಂಗೆ" ಎಂದ ಅವನು, ಫ್ರಿಜ್ಜಿಗೆ.

"ಅವ್ವ ಇದು ಮೊದಲ್ನೇದು ಅಂತಾರೆ. ನಿಮ್ಮ ಪ್ರಕಾರ ಎಷ್ಟನೇದು?"

"ಹಗ್ಗ ಸುತ್ತೋದೈತೆ" ಎಂದು ಹಿತ್ತಲಿಗೆ ಹೋದ.

ಅವಳು ಫ್ರಿಜ್ಜನ್ನು ನೋಡುತ್ತ ನಿಂತಳು. ಇವನಿಗೆ ಮರೆತೇ ಹೋಗಿದೆ. ಹಾಗಂತ ಅವಳು ನಂಬಿಕೊಂಡಳು. ಒಂದೇ ಮಂಚದ ಎರಡು ಅಂಚಿನಲ್ಲಿ ಮಲಗಿ, ಒಂದು ಸಾವನ್ನು ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ಅವಳಿಗೆ ಖಾತ್ರಿಯಾಯಿತು.

*

ಆ ಖಾತ್ರಿ ಸ್ವಲ್ಪ ಅಲ್ಲಾಡಿದ್ದು ಚನ್ನಗಿರಿಯಲ್ಲಿ. ಶಿಕ್ಷಕರ ತರಬೇತಿಗೆಂದು ಹೋಗಿದ್ದಳು. ಮಧ್ಯಾಹ್ನ ಬಿಡುವಾದಾಗ ಪಕ್ಕದ ಕಲ್ಯಾಣ ಮಂಟಪದ ಮುಂದೆ ಮನೆಯ ಟಾಟಾ ಏಸ್ ಕಂಡಿತು. ಒಳಗೆ ಯಾರದೋ ಸೀಮಂತದ ವೇದಿಕೆ ಏಳುತ್ತಿತ್ತು. ಏಣಿಯ ಮೇಲೆ ಓಬಣ್ಣ ಇದ್ದ. ವಿನಯನ ತಂದೆಯ ಕಾಲದಿಂದಲೂ ಶಾಮಿಯಾನ ಕಟ್ಟುತ್ತಿರುವವನು.

"ಟೀಚರಮ್ಮಾ! ಕೂತ್ಕಳ್ಳಿ, ಕೂತ್ಕಳ್ಳಿ. ವಿನಯಣ್ಣ ಗಾಡಿ ಇಲ್ಲೇ ಬಿಟ್ಟು ಈಗ ಹೋದ. ಹೆಣ್ಣುಮಗಳು ಬಂದು ಕುರ್ಚಿ ಮೇಲೆ ಕೂರೋ ಹೊತ್ತಿಗೆ ಅವ್ನು ಇರಲ್ಲ. ಪರದೆ ಕಟ್ಟಿ ಹೋಗ್ಬಿಡ್ತಾನೆ."

"ಯಾಕೆ?"

"ನಿಮಗೆ ಗೊತ್ತಿಲ್ವಾ?" ಓಬಣ್ಣ ಏಣಿಯಿಂದ ಇಳಿದ. "ಎರಡು ವರ್ಷ ಆತು. ತೊಟ್ಟಿಲ ಶಾಸ್ತ್ರದ ಆರ್ಡರ್ ಬಂದ್ರೆ ಮುಟ್ಟಾದೇ ಇಲ್ಲ, ಬ್ಯಾರೆ ಅಂಗಡಿಯೋರಿಗೆ ಕೊಟ್ಬಿಡ್ತಾನೆ. ಯಾಕಪ್ಪಾ ಅಂದ್ರೆ, ನನ್ನ ಕಣ್ಣು ಒಳ್ಳೇದಲ್ಲ ಓಬಣ್ಣ ಅಂದ. ನಿನ್ನ ಕಣ್ಣಿಗೇನಾಗೈತೆ, ನೂರು ಮಾರು ದೂರದ ಗಂಟು ಕಾಣತ್ತಲ್ಲ ಅಂದೆ. ಸುಮ್ನೆ ನಕ್ಕ."

ಸಂಧ್ಯಾ ಅಲ್ಲಿಂದ ತರಬೇತಿಗೆ ವಾಪಸ್ ಹೋದಳು. ಪವರ್‌ಪಾಯಿಂಟಿನಲ್ಲಿ ಯಾರೋ ಏನೋ ತೋರಿಸುತ್ತಿದ್ದರು. ಅವಳಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಆ ರಾತ್ರಿ ಕೇಳಬೇಕೆಂದುಕೊಂಡಳು. ಆದರೆ ಸೂರಗೊಂಡನಕೊಪ್ಪದಲ್ಲಿ ಲಂಬಾಣಿಗರ ಸೇವಾಲಾಲ್ ಜಯಂತಿಯ ಜಾತ್ರೆ ಬಂದಿತ್ತು. ಭಕ್ತರ ಊಟದ ಚಪ್ಪರವೊಂದರ ಕೆಲಸ ಹಿಡಿದಿದ್ದ ವಿನಯ್ ಮನೆಗೇ ಬರಲಿಲ್ಲ.

*

ಮರುದಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಾಗ ಅವಳಿಗೆ ಅನುಮಾನ ಬಂತು. ಬೆಳಗಿನ ಕಾಫಿಯ ನಂತರ ತಪ್ಪದೆ ಬರುವ ಒದೆತ ಬಂದಿರಲಿಲ್ಲ. ಸ್ಟಾಫ್ ರೂಮಿನ ಬೆಂಚಿನ ಮೇಲೆ ಎಡಮಗ್ಗುಲಾಗಿ ಮಲಗಿ ಕಾದಳು. ಏನೂ ಇಲ್ಲ. ಜೊತೆಯ ಟೀಚರ್ ಚೈತ್ರಾ ನೀರು ತಂದುಕೊಟ್ಟು, "ಮಲಗಿರತ್ತೆ ಬಿಡ್ರಿ ಮೇಡಂ" ಎಂದಳು.

ಸಂಧ್ಯಾ ಎದ್ದು ಕುಳಿತಳು. ಫೋನ್ ಮಾಡಿದಳು. ಸೂರಗೊಂಡನಕೊಪ್ಪದಲ್ಲಿ ಲೌಡ್‌ಸ್ಪೀಕರುಗಳು, ಭಜನೆ, ಸಾವಿರಾರು ಜನ. ಎತ್ತುವುದಿಲ್ಲ ಎಂದುಕೊಂಡೇ ಮಾಡಿದಳು.

ಒಂದು ರಿಂಗ್ ಪೂರ್ತಿಯಾಗುವ ಮೊದಲೇ ಎತ್ತಿದ.

"ರೀ, ಬೆಳಗ್ಗಿಂದ ಆಡಿಲ್ಲ."

ಹಿಂದಿನ ಗದ್ದಲ ದೂರವಾಯಿತು. ಆಮೇಲೆ, "ಗೇಟ್ ಹತ್ರ ಬಾ. ಬಂದೆ."

ಅವನು ಕಂಬಗಳನ್ನು ಇಳಿಸದೇ ಬಂದಿದ್ದ. ಹೊನ್ನಾಳಿಯವರೆಗೂ ಹಿಂದೆ ಕಬ್ಬಿಣ ಗಡಗಡ ಎನ್ನುತ್ತಿತ್ತು. ಉಬ್ಬು ಬಂದಲ್ಲೆಲ್ಲ ಗಾಡಿಯನ್ನು ಮಗುವನ್ನು ಎತ್ತಿ ಇಟ್ಟಂತೆ ದಾಟಿಸುತ್ತಿದ್ದ. ದಾರಿಯುದ್ದಕ್ಕೂ ಅವಳ ಕಡೆ ನೋಡಲಿಲ್ಲ. ಆದರೆ ಅವನ ತುಟಿ ಅಲುಗುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾನೆ ಎಂದು ಅವಳು ಕೇಳಲಿಲ್ಲ. ಅವಳದೂ ಅಲುಗುತ್ತಿತ್ತು.

ವಾಣಿಶ್ರೀ ಬಾಗಿಲಲ್ಲೇ ಇದ್ದರು. ಸಂಧ್ಯಾಳನ್ನು ಮಲಗಿಸಿದರು. ವಿನಯ್ ಹೊಸಿಲ ಆಚೆ ನಿಂತ.

"ಒಳಗೆ ಬನ್ನಿ."

"ಇಲ್ಲೇ ಇರ್ತೀನಿ ಡಾಕ್ಟ್ರೇ."

"ಬಾಗಿಲು ಹಾಕ್ಬೇಕು. ಒಳಗೋ ಹೊರಗೋ, ಬೇಗ ಹೇಳಿ."

ಅವನು ಒಳಗೆ ಬಂದ. ಬಂದವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮಲಗಿದ್ದ ಸಂಧ್ಯಾಗೆ ಅವನ ಬೆನ್ನು ಕಾಣುತ್ತಿತ್ತು. ಅಂಗಿಯ ತುಂಬ ಚಪ್ಪರದ ಧೂಳು.

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ವಾಣಿಶ್ರೀಯವರ ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಮತ್ತೆ ಹಿಂದಕ್ಕೆ ಬಂತು.

ಆಮೇಲೆ ಸದ್ದು ಬಂತು. ದೂರದ ಚೌಲ್ಟ್ರಿಯ ಜನರೇಟರಿನಂತೆ, ಒಂದೇ ಸಮನೆ, ಬಿರುಸಾಗಿ.

"ಇದೆ. ಚೆನ್ನಾಗಿದೆ" ಎಂದರು ವಾಣಿಶ್ರೀ. "ಏನ್ರೀ ಯಜಮಾನ್ರೇ, ಗೋಡೆ ಮೇಲೇನಿದೆ? ತಿರುಗಿ ನೋಡ್ರಿ, ಇಲ್ಲಿ ಕಾಣ್ತಿದೆ."

ಅವನು ತಿರುಗಲಿಲ್ಲ. ಗೋಡೆಯನ್ನು ಸವರಿಕೊಂಡೇ ಬಾಗಿಲಿಗೆ ಹೋಗಿ ಹೊರಗೆ ನಡೆದ.

*

ತಾಸು ಹೊತ್ತು ಮಷೀನಿಗೆ ಹಾಕಿ ನೋಡಿದರು. ಎಲ್ಲ ಸರಿಯಿತ್ತು. ಮಗು ಮಗ್ಗುಲು ಬದಲಿಸಿದೆ, ಬೆನ್ನು ಒಳಗಿನ ಕಡೆಗಿದೆ, ಅದಕ್ಕೇ ಒದೆತ ಗೊತ್ತಾಗಿರಲಿಕ್ಕಿಲ್ಲ ಎಂದರು ವಾಣಿಶ್ರೀ. "ಬಂದಿದ್ದು ಒಳ್ಳೇದಾಯ್ತು. ಮತ್ತೆ ಹಾಗನ್ನಿಸಿದ್ರೆ ಮತ್ತೆ ಬನ್ನಿ."

ಗಾಡಿ ಹೊನ್ನಾಳಿ ದಾಟಿತು. ನ್ಯಾಮತಿ ರಸ್ತೆಯಲ್ಲಿ ಕಬ್ಬಿನ ಹಾಲಿನ ಅಂಗಡಿಯೊಂದು ಬಂದಾಗ ಸಂಧ್ಯಾ, "ನಿಲ್ಲಿಸ್ರಿ" ಎಂದಳು.

"ಕಬ್ಬಿನ ಹಾಲು ಕುಡೀತೀಯಾ? ಐಸ್ ಬ್ಯಾಡ ಅಂತೀನಿ."

"ಹಾಲು ಬ್ಯಾಡ. ನಿಮ್ಮ ಕಣ್ಣಿಗೆ ಏನಾಗೈತೆ?"

ಅವನು ಸ್ಟೇರಿಂಗ್ ಹಿಡಿದೇ ಕುಳಿತ.

"ಓಬಣ್ಣ ಹೇಳಿದ. ಈಗ ನೀವು ಹೇಳ್ರಿ. ಹಗ್ಗ ಸುತ್ತಾಕೆ ಇಲ್ಲಿ ಹಿತ್ತಲಿಲ್ಲ."

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ರಸ್ತೆಯನ್ನೇ ನೋಡುತ್ತ ನಿಧಾನವಾಗಿ ಹೇಳತೊಡಗಿದ.

"ಅವತ್ತು ನರ್ಸಮ್ಮ ನನ್ನ ಕೈಗೇ ಕೊಟ್ಳು. ದಾವಣಗೆರೆಯಿಂದ ಜಗಳೂರಿನ ತನಕ ನನ್ನ ತೊಡೆ ಮೇಲೇ ಇದ್ಲು. ನಿಮ್ಮ ಸೋದರಮಾವ ಬೆನಕಪ್ಪಾರು ಕಾರು ಓಡಿಸ್ತಿದ್ರು. ನಿಮ್ಮ ಹೊಲದ ಬದುವಿನ ಹತ್ರ ಗುಂಡಿ ತೆಗೆಸಿದ್ರು. ನಾನೇ ಇಳಿಸ್ದೆ. ಮಣ್ಣು ಹಾಕಿ ಎಲ್ಲಾರೂ ಹೊರಟ್ರು. ಹೊರಟಾಗ ತಿರುಗಿ ನೋಡ್ಬಾರ್ದು ಅಂತಾರಲ್ಲ, ಮುಂಚೇನೇ ಹೇಳಿದ್ರು ಮಾವ, ನೋಡಬ್ಯಾಡ, ನಡಿ ಅಂತ."

ಕಬ್ಬಿನ ಗಾಣ ತಿರುಗುತ್ತಿತ್ತು. ಅದರ ಗೆಜ್ಜೆ ಸದ್ದು ಬಿಟ್ಟರೆ ರಸ್ತೆ ಖಾಲಿ.

"ನಾನು ನೋಡ್ದೆ ಸಂಧ್ಯಾ."

ಅವಳು ಸೀಟಿನಲ್ಲಿ ಅವನ ಕಡೆ ಸರಿದಳು.

"ಎಲ್ಲಾರೂ ಹೋಗ್ತಿದೀವಿ, ಬಯಲು, ಗಾಳಿ ಬ್ಯಾರೆ. ಒಬ್ಳೇ ಆಗ್ಬಿಟ್ಲಲ್ಲ ಅನ್ನಿಸ್ತು. ನಿಂತು ನೋಡ್ದೆ. ಮಾವ ರಟ್ಟೆ ಹಿಡಿದು ಎಳೆದ್ರು. ಎಂಥಾ ಕೆಲಸ ಮಾಡ್ದೆ, ಮುಂದಿನ ಕೂಸಿಗೆ ಒಳ್ಳೇದಲ್ಲ ಇದು ಅಂದ್ರು. ಆಮೇಲೆ ಇದು ನಿಂತ ಮೇಲೆ..." ಅವನು ಹೊಟ್ಟೆಯ ಕಡೆ ಕೈಯಿಂದ ಮಾತ್ರ ತೋರಿಸಿದ. "ಆ ನೋಟ ಇದರ ಮೇಲೆ ಬೀಳ್ಬಾರ್ದು ಅಂತ. ಅದ್ಕೇ ಸ್ಕ್ಯಾನಿಂಗಿಗೂ ಬರ್ಲಿಲ್ಲ. ಎಷ್ಟನೇದು ಅಂತ ಕೇಳಿದ್ರೆ ಎರಡನೇದು ಅಂತ ನಾಲಿಗೆ ತುದಿಗೆ ಬರತ್ತೆ. ಹೇಳಿದ್ರೆ ಮತ್ತೆ ತಿರುಗಿ ನೋಡಿದಂಗೆ ಆಗತ್ತೇನೋ ಅಂತ ಓಡಿ ಹೋಗ್ತಿದ್ದೆ. ಹುಚ್ಚು ಅಂತೀಯಾ? ಅನ್ನು. ನಾನೂ ಅಂದ್ಕೊಂಡೀನಿ. ಆದ್ರೂ ಧೈರ್ಯ ಬರ್ಲಿಲ್ಲ."

ಎರಡು ವರ್ಷ ತಾನೊಬ್ಬಳೇ ಹೊತ್ತೆ ಎಂದು ಸಂಧ್ಯಾ ಅಂದುಕೊಂಡಿದ್ದ ಭಾರದ ಇನ್ನೊಂದು ತುದಿಯನ್ನು ಹಿಡಿದುಕೊಂಡು ಈ ಮನುಷ್ಯ ಗೋಡೆ, ಫಲಕ, ಫ್ರಿಜ್ಜು ನೋಡುತ್ತ ಬದುಕಿದ್ದ. ಅದು ತಿಳಿದ ಮೇಲೂ ಆ ಎರಡು ವರ್ಷದ ಒಂಟಿತನ ಕರಗಿ ಹೋಗಲಿಲ್ಲ. ಅದು ಇಬ್ಬರದೂ ಆಯಿತು, ಅಷ್ಟೇ.

"ನೀವು ಮುಖ ನೋಡಿದ್ರಾ?" ಎಂದು ಕೇಳಿದಳು.

"ಹೂಂ."

"ನಾನು ನೋಡ್ಲಿಲ್ಲ ರೀ. ನನಗೆ ಯಾರೂ ತೋರಿಸ್ಲಿಲ್ಲ. ಹೆಂಗಿದ್ಲು?"

ಅವನು ಮೊದಲ ಸಲ ಅವಳ ಕಡೆ ತಿರುಗಿದ. ಬಸುರಿಗೆ ಇಂಥದ್ದು ಹೇಳಬಾರದು ಎಂಬ ಅಳುಕು ಅವನ ಮುಖದಲ್ಲಿ ಬಂದು ಹೋಯಿತು. ಅವಳ ಕಣ್ಣು ನೋಡಿ ಹೇಳಿದ.

"ಕೂದ್ಲು ಭಾಳ ಇತ್ತು. ಒದ್ದೆ ಒದ್ದೆ, ಹಣೆ ಮೇಲೆಲ್ಲಾ. ಕಿವಿ ನಿನ್ನ ಹಂಗೇ, ಮೇಲ್ಗಡೆ ಮಡಚಿದಂಗೆ. ಉಗುರು ಬೆಳೆದಿದ್ವು. ಹುಬ್ಬು ಗಂಟು ಹಾಕಿದ್ಲು, ನೀನು ಪೇಪರ್ ತಿದ್ದುವಾಗ ಹಾಕ್ತೀಯಲ್ಲ, ಹಂಗೆ. ಯಾರೋ ಲೆಕ್ಕ ತಪ್ಪು ಮಾಡಿದಾರೆ ಅನ್ನೋ ಹಂಗೆ."

ಅವಳಿಗೆ ನಗು ಬಂತು. ನಗು ಅರ್ಧಕ್ಕೇ ಒಡೆದು ಅಳುವಾಯಿತು. ಅವನು ಕರ್ಚೀಫು ಹುಡುಕಿದ, ಸಿಗಲಿಲ್ಲ. ಸೀಟಿನ ಹಿಂದಿದ್ದ ಶಾಮಿಯಾನದ ಬಿಳಿ ಬಟ್ಟೆಯ ತುಂಡನ್ನೇ ಕೊಟ್ಟ. ಅವಳು ಅದರಲ್ಲೇ ಮುಖ ಒರೆಸಿಕೊಂಡಳು.

"ಇನ್ನೂ ಹೇಳ್ರಿ."

"ಬಲಗೈ ಮುಷ್ಟಿ ಬಿಗಿಯಾಗಿತ್ತು. ನನ್ನ ಬೆರಳು ಒಳಗೆ ಇಟ್ಟೆ. ಕಾರಿನಾಗೆ ಪೂರ್ತಿ ಹಂಗೇ ಇಟ್ಕೊಂಡಿದ್ದೆ."

ಕಬ್ಬಿನ ಹಾಲಿನವನು ಗಾಡಿಯ ಹತ್ತಿರ ಬಂದು, ಇಬ್ಬರನ್ನೂ ನೋಡಿ, ಏನೂ ಕೇಳದೆ ವಾಪಸ್ ಹೋದ.

"ಒಂದು ಮಾತು ಹೇಳ್ತೀನಿ" ಎಂದಳು ಸಂಧ್ಯಾ. "ಬೆನಕಪ್ಪ ಮಾವಂಗೆ ಬೇಕಾದ್ರೂ ಹೇಳ್ತೀನಿ. ಅವತ್ತು ನೀವು ತಿರುಗಿ ನೋಡದೇ ಬಂದಿದ್ರೆ ನಾನು ನಿಮ್ಮನ್ನ ಕ್ಷಮಿಸ್ತಿರ್ಲಿಲ್ಲ. ಅವ್ಳಿಗೆ ತಾಯಿ ಮುಖ ಸಿಗ್ಲಿಲ್ಲ. ಅಪ್ಪ ಆದ್ರೂ ಒಂದ್ಸಲ ತಿರುಗಿ ನೋಡ್ದ. ಅದು ದೋಷ ಆದ್ರೆ ಪ್ರೀತಿ ಅಂದ್ರೆ ಏನು ಮತ್ತೆ?"

ಅವನು ಹಣೆಯನ್ನು ಸ್ಟೇರಿಂಗಿಗೆ ಆನಿಸಿದ. ಎರಡು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಅವನ ಅಳುವಿನಲ್ಲಿ ಸದ್ದಿರಲಿಲ್ಲ, ಬೆನ್ನಷ್ಟೇ ಏರಿ ಇಳಿಯುತ್ತಿತ್ತು. ಆ ಧೂಳಿನ ಅಂಗಿಯ ಮೇಲೆ ಅವಳು ಕೈಯಿಟ್ಟಳು.

"ನಂಗೆ ಇವತ್ತೂ ಹೆದರಿಕೆ ಐತೆ" ಎಂದಳು. "ಹೆರಿಗೆ ಆಗೋ ತನಕ ಇರತ್ತೆ. ನಿಮಗೂ ಇರತ್ತೆ. ಇನ್ಮೇಲೆ ಒಬ್ಬೊಬ್ರೇ ಬ್ಯಾಡ, ಜೊತೆಗೆ ಹೆದರಾಣ."

ಅವನು ತಲೆಯೆತ್ತಿ ಮುಖ ಒರೆಸಿಕೊಂಡು ಫೋನ್ ತೆಗೆದ. ತಾಯಿಗೆ ಹಚ್ಚಿದ.

"ಅವ್ವಾ, ಆಸ್ಪತ್ರೆಗೆ ಬಂದಿದ್ವಿ. ಎಲ್ಲಾ ಚೆನ್ನಾಗೈತೆ, ಗಾಬರಿಯಾಗಬ್ಯಾಡ. ಇನ್ನೊಂದು... ಕುಬುಸ ಬ್ಯಾಡ. ಇದು ಎರಡನೇದು."

ಲೈನ್ ಕಟ್ಟಾಯಿತೇನೋ ಎಂದು ಅವನು ಫೋನ್ ನೋಡಿದ. ಆಗ ನಿರ್ಮಲಮ್ಮನ ದನಿ ಕೇಳಿಸಿತು, ಸ್ವಲ್ಪ ದಪ್ಪವಾಗಿ.

"ಆತು ಬಿಡಪ್ಪಾ. ಮನೆಯೊಳಗೇ ಹಸಿರು ಬಳೆ ಇಡಿಸ್ಕೊಳ್ಳಲಿ, ಸಾಕು. ಸಂಧ್ಯಾನ್ನ ಹುಷಾರಾಗಿ ಕರ್ಕೊಂಡು ಬಾ. ಅವ್ಳ ಹತ್ರ ನಂದೂ ಒಂದು ಮಾತೈತೆ, ಅರ್ಧಕ್ಕೇ ನಿಂತೈತೆ."

ಫೋನ್ ಇಟ್ಟ ಮೇಲೆ ಅವನು ಕೀ ತಿರುಗಿಸಲು ಹೋದ. ಸಂಧ್ಯಾ ಅವನ ಮಣಿಕಟ್ಟು ಹಿಡಿದಳು.

"ಈಗ ನೋಡ್ರಿ."

"ಸಂಧ್ಯಾ..."

"ನೋಡ್ರಿ ಅಂದೆ."

ಅವನ ಕಣ್ಣು ಅವಳ ಮುಖದಿಂದ ಹೊರಟು, ಕೊರಳಿನಲ್ಲಿ ತಂಗಿ, ಸೆರಗಿನ ಅಂಚಿನಲ್ಲಿ ಅಳುಕಿ, ಕೊನೆಗೆ ಇಳಿಯಿತು. ತಿಂಗಳುಗಟ್ಟಲೆ ತಡೆದಿದ್ದ ನೋಟ. ಅದು ಬಂದು ಕೂತದ್ದು ಅವಳಿಗೆ ಗೊತ್ತಾಯಿತು, ಕೈಯಿಟ್ಟಷ್ಟೇ ಸ್ಪಷ್ಟವಾಗಿ.

"ಏನೂ ಕಾಣ್ತಿಲ್ಲ" ಎಂದ ಪಿಸುದನಿಯಲ್ಲಿ.

"ಕಾಯ್ಬೇಕು. ಅದಕ್ಕೂ ಅದರದ್ದೇ ಟೈಮ್ ಇರತ್ತೆ."

ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆದು ದಾಟಿತು. ಬಿಸಿಲು ಸೀಟಿನಿಂದ ಇಳಿದು ಅವಳ ಪಾದಕ್ಕೆ ಬಂತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಜಾಗವನ್ನು ನೋಡುತ್ತ, ಒಂದೇ ಭಯವನ್ನು ಹಿಡಿದುಕೊಂಡು ಕುಳಿತರು.

ಸೀರೆಯ ನೆರಿಗೆಯ ಕೆಳಗೆ, ಎಡಗಡೆ, ಸಣ್ಣದೊಂದು ಉಬ್ಬು ಎದ್ದು ಸರಿಯಿತು.

"ಅಯ್ಯೋ!" ಎಂದ ವಿನಯ್. ಅವನು ಕಣ್ಣು ತೆಗೆಯಲಿಲ್ಲ.